ಯಾರ ವಕೀಲಿಣಬಾಯಿ?

ಕನ್ನಡಕ್ಕೆ ವ್ಯಾಕರಣ ಬರೆದವರು ಎಷ್ಟೇ ದೊಡ್ಡವರಿರಲಿ, ಒಂದು ವಿಷಯದಲ್ಲಿ ನನಗೆ ಅನ್ಯಾಯ ಮಾಡಿದ್ದಾರೆ. ಅರಸನಿಗೆ ಅರಸಿ, ಗೆಳೆಯನಿಗೆ ಗೆಳತಿ, ಒಕ್ಕಲಿಗನಿಗೆ ಒಕ್ಕಲಗಿತ್ತಿ ಎಂದು ಎಲ್ಲರನ್ನೂ ಜೋಡಿಜೋಡಿಯಾಗಿ ಕೂರಿಸುತ್ತ ಬಂದವರು ವಕೀಲನ ಹತ್ತಿರ ಬಂದಾಗ ಅವನೊಬ್ಬನನ್ನೇ ಬಿಟ್ಟು ಎದ್ದು ಹೋಗಿದ್ದಾರೆ. ಕಾನೂನಿನ ಪದವಿ ಪಡೆದು, ಅದೂ ಸಾಲದೆಂದು ಧಾರವಾಡದಲ್ಲಿ ಸ್ನಾತಕೋತ್ತರ ಓದಿ, ಬೆಳಗಾವಿಯ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯಲು ಸೇರುವವರೆಗೂ ಈ ಕೊರತೆ ನನ್ನ ಗಮನಕ್ಕೆ ಬಂದಿರಲಿಲ್ಲ. ಪುಸ್ತಕಗಳಲ್ಲಿ ವಕೀಲನೆಂದರೆ ಗಂಡೂ ಅಲ್ಲ, ಹೆಣ್ಣೂ ಅಲ್ಲ, ಬರೀ ವಾದ. ಅವರ ಕಾಗದ ಹಿಡಿದು ಖಾನಾಪುರದ ತಾಲ್ಲೂಕು ಕೋರ್ಟಿಗೆ ಹೋಗತೊಡಗಿದ ಮೇಲೆ ಪುಸ್ತಕಗಳ ಮೇಲಿನ ನನ್ನ ನಂಬಿಕೆ ಸ್ವಲ್ಪ ಕಡಿಮೆಯಾಯಿತು.

ವ್ಯಾಕರಣ ಬಿಟ್ಟುಹೋದ ಜಾಗವನ್ನು ಖಾನಾಪುರದ ಜನ ಖಾಲಿ ಇಟ್ಟಿರಲಿಲ್ಲ. ಒಂದೇ ಮಾತನ್ನು ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುವ ಆ ಊರಿನಲ್ಲಿ ನನಗೊಂದು ಹೆಸರು ಸಿದ್ಧವಾಗಿಯೇ ಇತ್ತು: ವಕೀಲಿಣಬಾಯಿ. ಮೊದಲ ಸಲ ಕೇಳಿದಾಗ ನಾನು ಹೆಮ್ಮೆಯಿಂದ ಕರಿಕೋಟಿನ ಗುಂಡಿ ಸರಿಮಾಡಿಕೊಂಡೆ. ಅದರ ಅರ್ಥ ಗೊತ್ತಾದದ್ದು ಕೋರ್ಟಿನ ಮೆಟ್ಟಿಲ ಮೇಲೆ ಮುದುಕರೊಬ್ಬರು ಬಹಳ ವಿನಯದಿಂದ, "ಯಾರ ವಕೀಲಿಣಬಾಯಾರ್ರಿ ನೀವು? ಸಾಹೇಬ್ರು ಬಂದಿಲ್ಲೇನ್ರಿ?" ಎಂದು ಕೇಳಿದಾಗ. ಗೌಡಶಾನಿ ಎಂದರೆ ಗೌಡರ ಹೆಂಡತಿ. ವಕೀಲಿಣಬಾಯಿ ಎಂದರೆ ವಕೀಲರ ಹೆಂಡತಿ. "ಸಾಹೇಬ್ರು ನಾನ ಅದೀನ್ರಿ" ಎಂದೆ. ಅವರು ನನ್ನ ಬೆನ್ನ ಹಿಂದೆ ಇಣುಕಿ ನೋಡಿದರು. ಇಷ್ಟು ವರ್ಷ ಕಣ್ಣು ಕೆಂಪು ಮಾಡಿಕೊಂಡು ಓದಿ ತಲುಪಿದ ಹೆಸರನ್ನು ಎರಡು ಹಿಡಿ ಅಕ್ಷತೆಯಲ್ಲಿ ಪಡೆಯಬಹುದಿತ್ತಲ್ಲ ಎಂದು ಆ ದಿನ ಬಸ್ಸಿನಲ್ಲಿ ಯೋಚಿಸುತ್ತ ಬಂದೆ.

ಬೆಳಗಾವಿಯಲ್ಲಿ ಪರಿಸ್ಥಿತಿ ಬೇರೆ ಥರ ಕೆಟ್ಟಿತ್ತು. ನಾನು ನೆಹರು ನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಪಕ್ಕದಲ್ಲೇ ದೊಡ್ಡ ಆಸ್ಪತ್ರೆ, ವೈದ್ಯಕೀಯ ಕಾಲೇಜು. ಆ ಬಡಾವಣೆಯಲ್ಲಿ ಬಿಳಿ ಸೀರೆ ಉಟ್ಟು ದಪ್ಪ ಪುಸ್ತಕ ಹಿಡಿದು ಒಬ್ಬಳೇ ಹೋಗುವ ಹೆಣ್ಣು ಡಾಕ್ಟರಬಾಯಿಯೇ ಆಗಿರಬೇಕು. ಡಾಕ್ಟರಬಾಯಿ ಎಂದರೆ ಮಾತ್ರ ಯಾರೂ ಗಂಡನನ್ನು ಹುಡುಕುತ್ತಿರಲಿಲ್ಲ ಎಂಬುದನ್ನು ನಾನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಗಮನಿಸಿದ್ದೆ. ಓಣಿಯ ಹೆಂಗಸರು ಕೆಮ್ಮು, ಮೊಣಕಾಲು ನೋವು, ಮಗುವಿನ ಕಜ್ಜಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. ನಾನು ಡಾಕ್ಟರಲ್ಲ, ವಕೀಲಿ ಕಲಿಯುವವಳು ಎಂದು ತಿಳಿದ ಕೂಡಲೇ ತಂದ ಕೆಮ್ಮನ್ನು ಹಾಗೇ ವಾಪಸು ತೆಗೆದುಕೊಂಡು ಹೋದರು. ಆಮೇಲೆ ಬಾಗಿಲು ಬಡಿದವರಿಲ್ಲ. ಒಂದೆರಡು ಕಷಾಯವನ್ನಾದರೂ ಕಲಿತಿಟ್ಟುಕೊಳ್ಳಬೇಕಿತ್ತು.

ನನ್ನ ಸೀನಿಯರ್ ಚೌಗುಲೆ ವಕೀಲರು ಬಹಳ ಸಜ್ಜನರು. ಜೈನರಾದ್ದರಿಂದ ಅವರ ಊಟ ಹೊತ್ತು ಮುಳುಗುವ ಮೊದಲು ಮುಗಿಯಬೇಕು. ಎಷ್ಟೋ ಕಕ್ಷಿದಾರರಿಗೆ ಕಾಲಮಿತಿ ಮೀರಿದ ದಾವೆಯನ್ನೂ ಉಳಿಸಿಕೊಟ್ಟವರು ಸೂರ್ಯನ ಕಾಲಮಿತಿಯನ್ನು ಮಾತ್ರ ಒಂದು ದಿನವೂ ಮೀರಿದವರಲ್ಲ. ಸಂಜೆ ಇನ್ನೂ ಬಿಸಿಲಿರುವಾಗಲೇ, "ಇನ್ನ ನೀವು ಹೋಗಿ ಬರ್ರಿ ಬಾಯಾರ" ಎಂದು ಕಳಿಸಿಬಿಡುತ್ತಿದ್ದರು. ಹೋಗಿ ಏನು ಮಾಡಬೇಕೆಂದು ಹೇಳಿಕೊಡುತ್ತಿರಲಿಲ್ಲ. ನನ್ನ ತಂದೆಗಿಂತ ದೊಡ್ಡವರು, ಆದರೂ ನನಗೆ 'ರೀ' ಹಚ್ಚದೆ ಮಾತಾಡುತ್ತಿರಲಿಲ್ಲ. ಮನೆಯ ಮಾಲಕಿ ರೀ, ಬಸ್ಸಿನ ಕಂಡಕ್ಟರ್ ರೀ, ಕೋರ್ಟಿನ ಬೆಲಿಫ್ ರೀ. ಬೈಲಹೊಂಗಲದ ನಮ್ಮ ಮನೆ ಬಿಟ್ಟು ಬಂದ ಮೇಲೆ ನನ್ನನ್ನು 'ನೀ' ಎಂದವರು ಯಾರೂ ಇರಲಿಲ್ಲ.

ಮರ್ಯಾದೆ ಬಹಳ ತಣ್ಣಗಿನ ಪದಾರ್ಥ. ಖಾನಾಪುರದ ವಕೀಲರ ಕೋಣೆಗೆ ನಾನು ಕಾಲಿಟ್ಟರೆ ನಗು ನಿಲ್ಲುತ್ತಿತ್ತು, ಬೀಡಿ ಆರುತ್ತಿತ್ತು, ಮೇಜಿನ ಮೇಲಿದ್ದ ಕಾಲುಗಳು ಇಳಿಯುತ್ತಿದ್ದವು. "ಬರ್ರಿ ಬಾಯಾರ, ಕುಂದರ್ರಿ" ಎಂದು ಇದ್ದುದರಲ್ಲಿ ಒಳ್ಳೆಯ ಕುರ್ಚಿ ಕೊಡುತ್ತಿದ್ದರು. ಆಮೇಲೆ ಒಬ್ಬೊಬ್ಬರಿಗೇ ಹೊರಗೆ ಏನೋ ಕೆಲಸ ನೆನಪಾಗುತ್ತಿತ್ತು. ಬುತ್ತಿಯ ಡಬ್ಬಿ ಬಿಚ್ಚುವ ಹೊತ್ತಿಗೆ ಆ ಉದ್ದನೆಯ ಕೋಣೆಯಲ್ಲಿ ನಾನು, ಒಳ್ಳೆಯ ಕುರ್ಚಿ ಮತ್ತು ಗೋಡೆ ಗಡಿಯಾರ ಉಳಿಯುತ್ತಿದ್ದೆವು. ಬಡಪಾಯಿಗಳು ಬಿಸಿಲಲ್ಲಿ ನಿಂತು ನನ್ನ ಊಟ ಮುಗಿಯಲೆಂದು ಕಾಯುತ್ತಿರುವುದನ್ನು ಕಿಟಕಿಯಿಂದ ನೋಡಿದ ಮೇಲೆ ಕೋರ್ಟಿನ ಹಿಂದಿದ್ದ ಬೇವಿನ ಮರದ ಕಟ್ಟೆಗೆ ನಾನೇ ವರ್ಗ ಮಾಡಿಕೊಂಡೆ. ಸೀನಿಯರ್ ಕಳಿಸಿದ ಕಾಗದ ಸಲ್ಲಿಸುವುದು, ತಾರೀಖು ಬರೆದುಕೊಳ್ಳುವುದು, ಕಟ್ಟೆಯ ಮೇಲೆ ಊಟ ಮಾಡುವುದು, ಬಸ್ಸು ಹತ್ತುವುದು. ಸಂಜೆಯ ಬಸ್ಸಿಗೆ ಮಚ್ಛೆಯಲ್ಲಿ ಕಾರ್ಖಾನೆಯವರು ಗದ್ದಲ ಮಾಡುತ್ತ ಹತ್ತಿದಾಗ ಮಾತ್ರ, ಓಹೋ ಜಗತ್ತಿನಲ್ಲಿ ಸಂಭಾಷಣೆ ಇನ್ನೂ ನಡೆದಿದೆ ಎಂದು ಗೊತ್ತಾಗುತ್ತಿತ್ತು. ನನಗೆ ಆಗ ಬೇಕಾಗಿದ್ದುದು ಒಂದೇ. ಯಾರಾದರೂ ಒಬ್ಬರು ನನ್ನನ್ನೇ ಹುಡುಕಿಕೊಂಡು ಬಂದು ನನ್ನ ಹೆಸರಿಗೆ ಒಂದು ವಕಾಲತ್ತು ಕೊಡಬೇಕು.

ಬಾಳವ್ವ ಹುಡುಕಿಕೊಂಡು ಬಂದದ್ದು ಆ ಕಟ್ಟೆಗೇ. ಪಾರಿಶ್ವಾಡದವಳು, ಐವತ್ತರ ಆಚೆಗಿನ ವಿಧವೆ. ಸೆರಗಿನ ತುದಿ ತಿರುವುತ್ತ ನಿಂತು, "ಬಾಯಾರ, ಸಾಹೇಬ್ರು ಊಟಕ್ಕ ಕುಂತಾಗ ನಂದೊಂದ ಮಾತ ಅವ್ರ ಕಿವಿಗೆ ಹಾಕ್ತೀರೇನ್ರಿ?" ಎಂದಳು.

ಅವಳ ಮೈದುನ ನಡುಗೋಡೆ ಒಡೆದು ಅವಳ ಪಾಲಿನ ಅಡಿಗೆಮನೆಯಲ್ಲಿ ತನ್ನ ಎಮ್ಮೆಗಳನ್ನು ಕಟ್ಟುವವನಿದ್ದ. ನೀನು ತವರಿಗೆ ಹೋಗು ಎನ್ನುತ್ತಿದ್ದ. ತವರಿನಲ್ಲಿ ಅಣ್ಣನ ಸೊಸೆಯರ ರಾಜ್ಯ. "ಗಂಡಸರ ಮುಂದ ನನಗ ಬಾಯಿ ಬರಂಗಿಲ್ರಿ. ಅದಕ್ಕ ನಿಮಗ ಹೇಳಾಕ ಬಂದೆ. ಊಟಕ್ಕ ಕುಂತ ಗಂಡಸು ತಾಟ ಬಿಟ್ಟು ಎದ್ದು ಹೋಗಾಕ ಬರಂಗಿಲ್ಲ ನೋಡ್ರಿ. ಅವಾಗ ಹೇಳಿದ್ದು ಕೇಳಬೇಕಾಗತೈತಿ." ಕಾನೂನಿನ ಇಷ್ಟು ದೊಡ್ಡ ಮಾರ್ಗ ನನ್ನ ಯಾವ ಪಠ್ಯದಲ್ಲೂ ಇರಲಿಲ್ಲ.

ಸುಮ್ಮನೆ ಕೇಳಿಸಿಕೊಂಡಿದ್ದರೆ ಆಗುತ್ತಿತ್ತು. ಆದರೆ ತಪ್ಪು ಕಂಡಲ್ಲಿ ತಿದ್ದುವುದು ನನ್ನ ಚಟ. "ನನಗ ಮದಿವಿ ಆಗಿಲ್ಲಬೇ. ವಕೀಲಿ ಮಾಡಾಕಿ ನಾನ" ಎಂದೆ.

ಬಾಳವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಕ್ಕದಲ್ಲಿ ಕುಳಿತೇಬಿಟ್ಟಳು. "ಅಯ್ಯ ನಮ್ಮವ್ವಾ! ಹಂಗಾರ ನಿನ್ನ ಮಾತ ಯಾರ ಕೇಳ್ತಾರ?"

ಸ್ನಾತಕೋತ್ತರ ಮೌಖಿಕ ಪರೀಕ್ಷೆಯಲ್ಲಿ ಮೂವರು ಪ್ರಾಧ್ಯಾಪಕರು ಸೇರಿ ಇಷ್ಟು ಕಠಿಣ ಪ್ರಶ್ನೆ ಕೇಳಿರಲಿಲ್ಲ. ಆದರೂ 'ನಿಮ್ಮ' ಹೋಗಿ 'ನಿನ್ನ' ಆದದ್ದು ಮಾತ್ರ ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು. ಸಾವರಿಸಿಕೊಂಡು, "ಜಡ್ಜ್ ಸಾಹೇಬ್ರು ಕೇಳ್ತಾರ" ಎಂದೆ.

"ಅವ್ರು ನಿನಗ ಏನಾಗಬೇಕು?"

"ಏನೂ ಆಗಬೇಕಿಲ್ಲ."

"ಏನೂ ಆಗಬೇಕಿಲ್ಲದವ್ರು ಯಾಕ ಕೇಳ್ತಾರ?"

"ಕೇಳಾಕಂತನ ಸರ್ಕಾರ ಅವರಿಗೆ ಪಗಾರ ಕೊಡತೈತಿ."

ಬಾಳವ್ವ ಇದನ್ನು ತೂಗಿ ನೋಡಿದಳು. "ಪಗಾರ ಕೊಡ್ತಾರಂದ್ರ ಕೇಳಿದ್ರೂ ಕೇಳ್ಯಾರು" ಎಂದು ಹೆಬ್ಬೆಟ್ಟು ಒತ್ತಿದಳು. ನನ್ನ ಮೊದಲ ವಕಾಲತ್ತು ಹೀಗೆ ನನ್ನ ವಿದ್ಯೆಯ ಬಲದಿಂದಲ್ಲ, ನ್ಯಾಯಾಧೀಶರ ಪಗಾರದ ಬಲದಿಂದ ಬಂತು. ಚೌಗುಲೆಯವರಿಗೆ ಹೇಳಿದರೆ, "ನಿಮ್ಮನ್ನ ಕೇಳ್ಕೊಂಡ ಬಂದಾಳ, ನೀವ ನಡಸ್ರಿ. ನಾ ಬಂದ ನಿಂತ್ರ ಮತ್ತ ನಿಮ್ಮನ್ನ ನನ್ನ ಮನಿಯವರಂತಾರ" ಎಂದು ನಕ್ಕರು. ನಮ್ಮ ಕಚೇರಿಯಲ್ಲಿ ಅವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅಂದೇ.

ತಡೆಯಾಜ್ಞೆಯ ಅರ್ಜಿಯ ವಿಚಾರಣೆ ಬಂತು. ಮೈದುನನ ಪರವಾಗಿದ್ದವರು ಖಾನಾಪುರದ ಹಳೆಯ ವಕೀಲರು. ಮಳೆಗಾಲ ಹತ್ತಿರ ಬಂತು, ಮೂಕಪ್ರಾಣಿಗಳು ಎಲ್ಲಿಗೆ ಹೋಗಬೇಕು ಎಂದು ಎಮ್ಮೆಗಳ ಬಗ್ಗೆ ಎಷ್ಟು ಕರುಣೆಯಿಂದ ಮಾತಾಡಿದರೆಂದರೆ ನನಗೇ ಕಣ್ಣು ಒದ್ದೆಯಾಗುವುದರಲ್ಲಿತ್ತು. ನಾನು ಎದ್ದು ನಿಂತೆ. ಕೋಣೆಯಲ್ಲಿ ಕನ್ನಡಿಯ ಮುಂದೆ ವಾರವಿಡೀ ಮಾಡಿದ ವಾದ ನನ್ನ ಮುಂದಿನ ಮೇಜನ್ನೂ ದಾಟಲಿಲ್ಲ. ಇಡೀ ದಿನ ಯಾರೊಡನೆಯೂ ಮಾತಾಡದವಳ ದನಿ ಬೇಕೆಂದಾಗ ಬರುವುದಿಲ್ಲ. ನ್ಯಾಯಾಧೀಶರು ಮುಂದಕ್ಕೆ ಬಾಗಿ, "ಸ್ವಲ್ಪ ಜೋರಾಗಿ ಹೇಳಿ" ಎಂದರು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ, ಗಂಡಸರ ಮುಂದೆ ಬಾಯಿ ಬಾರದ ಬಾಳವ್ವನ ದನಿ ಕೇಳಿಸಿತು:

"ಜೋರ ಹೇಳ ತಂಗಿ! ಪಗಾರ ತಗೋತಾರ, ಕೇಳ್ತಾರ!"

ಬೆಲಿಫ್ ಗದರಿಸಿದ. ಹಳೆಯ ವಕೀಲರು ಕೆಮ್ಮಿದರು. ನ್ಯಾಯಾಧೀಶರು ಕಡತವನ್ನು ಮುಖಕ್ಕೆ ಬಹಳ ಹತ್ತಿರ ಹಿಡಿದು ಓದತೊಡಗಿದರು. ಕಡತ ಸಣ್ಣಗೆ ಅಲುಗುತ್ತಿತ್ತು. ನನಗೆ ನಗು ಬಂತು, ನಗುವಿನ ಹಿಂದೆಯೇ ದನಿಯೂ ಬಂತು. ಎಮ್ಮೆಗೆ ನೆಲೆಯಿಲ್ಲ ಎನ್ನುವುದು ಬಾಳವ್ವನ ನೆಲೆ ಕಿತ್ತುಕೊಳ್ಳಲು ಕಾರಣವಾಗದು ಎಂದು ಶುರುಮಾಡಿದವಳು, ಸಾಕು ಕೂತ್ಕೊಳ್ಳಿ ಎನ್ನುವವರೆಗೂ ನಿಲ್ಲಿಸಲಿಲ್ಲ. ದಾವೆ ಮುಗಿಯುವವರೆಗೆ ಗೋಡೆ ಮುಟ್ಟಕೂಡದು ಎಂದು ಆದೇಶವಾಯಿತು.

ಕಟ್ಟೆಯ ಮೇಲೆ ಬಾಳವ್ವ ಗಂಟು ಬಿಚ್ಚಿ ಹುರಿದ ಶೇಂಗಾ, ಬೆಲ್ಲ ಇಟ್ಟಳು. ಇಬ್ಬರೂ ತಿಂದೆವು. "ಒಬ್ಬಾಕಿನ ಇರ್ತೀಯೇನವಾ?" ಎಂದಳು. ಹೂಂ ಎಂದೆ. "ಬ್ಯಾಸರ ಆಗಂಗಿಲ್ಲ?" ನಾನು ಯಾರಿಗೂ ಸ್ವಂತದ ಮಾತು ಹೇಳುವವಳಲ್ಲ. ಅಂದು ಹೇಳೋಣವೆನಿಸಿ ಬಾಯಿ ತೆರೆದೆ. ಪಾರಿಶ್ವಾಡದ ಬಸ್ಸು ಬಂತು. "ಮುಂದಿನ ತಾರೀಖಿಗೆ ಬರ್ತೀನಲ್ಲ, ಅವಾಗ ಹೇಳವಂತಿ" ಎಂದು ಸೆರಗು ಕಟ್ಟಿಕೊಂಡು ಓಡಿದಳು.

ಮುಂದಿನ ತಾರೀಖಿನಂದು ಬಾಳವ್ವ ಬೆಳಗಿನ ಬಸ್ಸಿಗೇ ಬಂದಳು. ನಾನು ಹೇಳಲು ಶುರುಮಾಡಿದೆ. ಧಾರವಾಡದ ಹಾಸ್ಟೆಲ್ಲು ಮುಗಿದು, ಬೆಳಗಾವಿಯ ಕೋಣೆಯ ಬಾಗಿಲವರೆಗೆ ಬಂದಿದ್ದೆ, ಅಷ್ಟರಲ್ಲಿ ನಮ್ಮ ದಾವೆ ಕೂಗಿದರು. ಹಳೆಯ ವಕೀಲರು ಎದ್ದು, ತಮ್ಮ ಸಾಕ್ಷಿ ಬಂದಿಲ್ಲ, ಇನ್ನೊಂದು ತಾರೀಖು ಬೇಕು ಎಂದರು. "ನಿಮ್ಮ ಅಭ್ಯಂತರ ಇದೆಯೇ?" ಎಂದು ನ್ಯಾಯಾಧೀಶರು ನನ್ನ ಕಡೆ ತಿರುಗಿದರು. ಇಂಥ ವಿಳಂಬದ ವಿರುದ್ಧ ಏನೇನು ಹೇಳಬಹುದೆಂದು ನಾನು ಸ್ನಾತಕೋತ್ತರದಲ್ಲಿ ಒಂದು ಇಡೀ ಪ್ರಬಂಧ ಬರೆದವಳು. ಹಿಂದಿನ ಬೆಂಚಿನ ಕಡೆ ನೋಡಿದೆ. ಬಾಳವ್ವ, ಆಮೇಲೇನಾತು ಎನ್ನುವಂತೆ ಗದ್ದಕ್ಕೆ ಕೈ ಕೊಟ್ಟು ಕೂತಿದ್ದಳು. ಇನ್ನೊಂದು ತಾರೀಖೆಂದರೆ ಪಾರಿಶ್ವಾಡದಿಂದ ಇನ್ನೊಂದು ಬಸ್ಸು.

"ತಡೆಯಾಜ್ಞೆ ಹೇಗೂ ಜಾರಿಯಲ್ಲಿದೆ, ಯಾವ ಅಭ್ಯಂತರವೂ ಇಲ್ಲ" ಎಂದೆ. ಎಷ್ಟು ಜೋರಾಗಿ ಎಂದೆನೆಂದರೆ, ಸ್ವಲ್ಪ ಮೆಲ್ಲಗೆ ಹೇಳಿ ಎಂದರು ನ್ಯಾಯಾಧೀಶರು.