ತೆಂಗಿನಗುಂಡಿಯ ಶಂಖಗಳೂ ನನ್ನ ಪದವಿಯೂ

ಕಡಲ ದಂಡೆಯಲ್ಲಿ ಶಂಖ, ಚಿಪ್ಪು ಆರಿಸುವುದು ಏನೂ ಕಷ್ಟದ ಕೆಲಸವಲ್ಲ. ಬಗ್ಗಬೇಕು, ಎತ್ತಬೇಕು, ಬುಟ್ಟಿಗೆ ಹಾಕಬೇಕು. ದಿನಾ ದೋಣಿಯಲ್ಲಿ ಶರಾವತಿ ಹೊಳೆ ದಾಟಿ ಹೊನ್ನಾವರದಲ್ಲಿ ಹೈಸ್ಕೂಲು ಓದಿ, ಧಾರವಾಡಕ್ಕೆ ಹೋಗಿ ಇತಿಹಾಸದಲ್ಲಿ ಬಿ.ಎ. ಮಾಡಿ ಬಂದವಳಿಗೆ ಇಷ್ಟು ಬಾರದೇ? ನನ್ನ ಅಪ್ಪ ಹರಿವೆ ಸೊಪ್ಪು ಬೆಳೆದು, ತಲೆಯ ಮೇಲೆ ಹೊತ್ತು ಮಾರಿ ನನ್ನನ್ನು ಓದಿಸಿದವನು. ನನಗಿಂತ ಮುಂಚೆ ನಮ್ಮ ಕುಟುಂಬದಲ್ಲಿ ಯಾರೂ ಹೈಸ್ಕೂಲಿನ ಮೆಟ್ಟಿಲು ಹತ್ತಿರಲಿಲ್ಲ. ಆದ್ದರಿಂದ ನನಗೆ ತಿಳಿಯದ್ದು ಜಗತ್ತಿನಲ್ಲಿ ಇರಲಾರದು ಎಂದು ನಾನು ದೃಢವಾಗಿ ನಂಬಿದ್ದೆ. ಇದು ಅರವತ್ತೆರಡು, ಅರವತ್ಮೂರರ ಸುಮಾರಿನ ಮಾತು.

ಆಗ ನಾನು ಮದುವೆಯಾಗಿ ಮಾವಳ್ಳಿಗೆ ಬಂದು, ಅಲ್ಲಿನ ಶಾಲೆಯಲ್ಲಿ ಅಕ್ಕೋರಾಗಿದ್ದೆ. ಸಂಜೆ ಹೊತ್ತು ಊರಿನ ಹನ್ನೆರಡು ಹೆಂಗಸರೂ ನಾನೂ ಸೇರಿ ಒಂದು ಮಹಿಳಾ ಮಂಡಳ ನಡೆಸುತ್ತಿದ್ದೆವು. ಕಾರ್ಯದರ್ಶಿ ನಾನೇ. ಮಂಡಳ ಕೂಡುತ್ತಿದ್ದದ್ದು ನಮ್ಮ ಮನೆಯ ಜಗಲಿಯಲ್ಲಿ. ಅದೇ ಜಗಲಿಯಲ್ಲಿ ನಮ್ಮ ಮಾವನವರೂ ಕೂರುತ್ತಿದ್ದರು. ಅವರು ಒಮ್ಮೆ ಕೆಮ್ಮಿದರೆ ಹನ್ನೆರಡೂ ಬಾಯಿ ಬಂದ್!

ನಮಗೆ ನಮ್ಮದೇ ಆದ ಒಂದು ಕೋಣೆ ಬೇಕಿತ್ತು. ಪಂಚಾಯ್ತಿಯ ಹಳೇ ಗೊಬ್ಬರದ ಕೋಣೆ ಖಾಲಿ ಬಿದ್ದಿತ್ತು. ಆದರೆ ಊರಿನ ವಾಲಿಬಾಲ್ ತಂಡದವರ ಕಣ್ಣೂ ಅದರ ಮೇಲೇ. ಅವರಿಗೆ ಚೆಂಡು, ಬಲೆ ಇಡಲು ಬೇಕಂತೆ. ಸೋಮವಾರ ಕುಮಟೆಯಿಂದ ಸರಕಾರಿ ಕಚೇರಿಯ ದೊಡ್ಡ ಸಾಹೇಬರ ಹೆಂಡತಿ ಬಂದು, ಮಂಡಳದ ಕೆಲಸ ನೋಡಿ ಒಳ್ಳೆಯ ಮಾತು ಬರೆದುಕೊಟ್ಟರೆ ಕೋಣೆ ನಮ್ಮದು. ಇಲ್ಲದಿದ್ದರೆ ಚೆಂಡಿನದು.

ಅಧಿಕಾರಿಗಳು ಬಂದಾಗ ಎಲ್ಲ ಮಂಡಳಗಳೂ ತೋರಿಸುವುದು ಕಸೂತಿ ಹಾಕಿದ ಗಿಳಿ. ನಮ್ಮದು ಬೇರೆ ಇರಬೇಕೆಂದು ನನ್ನ ಹಟ. ನನ್ನ ಟ್ರಂಕಿನಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ದೊಡ್ಡ ಮನೆತನದ ಹೆಂಗಸರು ಹೊತ್ತು ಹೇಗೆ ಕಳೆಯುತ್ತಿದ್ದರು ಎಂಬ ಬಗ್ಗೆ ಅದರಲ್ಲಿ ನಲವತ್ತು ಪುಟ. ಮಂಡಳದ ಮುಂದೆ ಓದಿ ಹೇಳಿದೆ.

"ಸವಾರಿಗೊಂದು ಬಟ್ಟೆ, ಚಹಾಕ್ಕೊಂದು ಬಟ್ಟೆ, ರಾತ್ರಿ ಊಟಕ್ಕೊಂದು ಬಟ್ಟೆ. ಮಧ್ಯಾಹ್ನ ಸಾರೋಟಿನಲ್ಲಿ ಇನ್ನೊಬ್ಬರ ಮನೆಗೆ ಹೋಗಿ, ತಮ್ಮ ಹೆಸರಿನ ಚೀಟಿ ಒಳಗೆ ಕಳಿಸಿ, ಕಾಲು ಗಂಟೆ ಕೂತು, ಹವೆಯ ಬಗ್ಗೆ ಮಾತಾಡಿ ಎದ್ದು ಬರುವುದು."

"ಕಾಲು ಗಂಟೆಯಾ?" ಎಂದಳು ದುರ್ಗಕ್ಕ. ನಮ್ಮ ಪಕ್ಕದ ಮನೆಯವಳು. ಗದ್ದೆ, ತರಕಾರಿ, ನಾಲ್ಕು ದನ, ಎಲ್ಲ ಒಬ್ಬಳೇ ನೋಡಿಕೊಳ್ಳುವವಳು. "ಕಾಲು ಗಂಟೇಲಿ ಎಂತ ಮಾತು ಮುಗೀತದೆ ಅಕ್ಕೋರೆ? ಬಾಯಿ ಬಿಸಿಯಾಗೂಕೇ ಅಷ್ಟೊತ್ತು ಬೇಕು."

"ಬಟ್ಟೆ ತೊಡಿಸಲು ಒಬ್ಬಳು ಆಳು, ತಲೆ ಬಾಚಲು ಇನ್ನೊಬ್ಬಳು."

"ಅಯ್ಯೋ ಪಾಪ! ಕೈಗೆ ಎಂತ ಆಗಿತ್ತು ಅವ್ರಿಗೆ?"

ನಾನು ಗಂಭೀರವಾಗಿ ಮುಂದುವರಿದೆ. "ಬೇಸಿಗೆಯಲ್ಲಿ ಕಡಲ ದಂಡೆಗೆ ಹೋಗಿ, ಶಂಖ, ಚಿಪ್ಪು ಆರಿಸಿ, ಹೆಸರು ಬರೆದು ಗಾಜಿನ ಕಪಾಟಿನಲ್ಲಿ ಜೋಡಿಸುತ್ತಿದ್ದರು."

"ಬೇಯಿಸೂದಿಲ್ಲ?"

"ಇಲ್ಲ ದುರ್ಗಕ್ಕ. ನೋಡುವುದು."

"ಎಷ್ಟೊತ್ತು?"

ಪುಸ್ತಕದಲ್ಲಿ ಅದು ಇರಲಿಲ್ಲ.

ಶನಿವಾರ ಮಧ್ಯಾಹ್ನ ಹೊರಟೆವು. ಕಡಲು ನಮ್ಮ ಮನೆಯ ಹತ್ತಿರವೇ ಇತ್ತು. ಆದರೆ ಪುಸ್ತಕದ ಹೆಂಗಸರು ಪ್ರವಾಸ ಹೋಗಿ ಆರಿಸುತ್ತಿದ್ದರು! ಆದ್ದರಿಂದ ನಾವೂ ಬಸ್ಸು ಹತ್ತಿ, ಭಟ್ಕಳದಲ್ಲಿ ಇಳಿದು, ಬಿಸಿಲಲ್ಲಿ ನಡೆದು ತೆಂಗಿನಗುಂಡಿಗೆ ಹೋದೆವು. ಬಣ್ಣದ ಪುಟ್ಟ ಕೊಡೆಗಳ ಬದಲು ಗಂಡಸರ ಕಪ್ಪು ಕೊಡೆಗಳು. ಕೈಗವಸಿನ ಬದಲು ಬಳೆ. ಉಳಿದಂತೆ ಎಲ್ಲ ಸರಿಯಾಗಿಯೇ ಇತ್ತು, ನನ್ನ ಹಿಂದೆ ಬಂದವರೆಲ್ಲ ಬುಟ್ಟಿ ಮತ್ತು ಕತ್ತಿ ಹಿಡಿದುಕೊಂಡಿದ್ದು ಬಿಟ್ಟರೆ.

ಅರ್ಧ ತಾಸಿನಲ್ಲಿ ಅವರು ಕಲ್ಲಿಗೆ ಅಂಟಿದ ಚಿಪ್ಪನ್ನೆಲ್ಲ ಎಬ್ಬಿಸಿ ರಾತ್ರಿಯ ಸಾರಿಗೆ ಬುಟ್ಟಿ ತುಂಬಿಸಿಕೊಂಡರು. ನಾನೊಬ್ಬಳೇ ಸೌಂದರ್ಯ ಹುಡುಕುತ್ತಿದ್ದೆ. ಮರಳಲ್ಲಿ ಬಿದ್ದಿದ್ದ ಖಾಲಿ ಶಂಖಗಳು ಮಾಸಿದ್ದವು, ಒಡೆದಿದ್ದವು. ಅವನ್ನು ಬಿಟ್ಟು, ಕಲ್ಲಿನ ಸಂದಿಯ ನೀರಿನಲ್ಲಿ ಹೊಳೆಯುತ್ತಿದ್ದ ಇಪ್ಪತ್ತೊಂದನ್ನು ಆರಿಸಿದೆ.

ದುರ್ಗಕ್ಕ ಇಣುಕಿ ನೋಡಿದಳು. "ಅಕ್ಕೋರೆ, ಅದ್ರೊಳಗೆ ಜನ ಇದ್ದಾರೆ."

ನಾನು ಹೊಳೆಯಾಚೆಯ ಗುಡ್ಡದ ಬದಿಯ ಊರಿನವಳು. ನಮ್ಮಲ್ಲಿಗೆ ಕಡಲ ಮೀನು ಬರುತ್ತಿದ್ದದ್ದೂ ಒಣಗಿಯೇ. ಆದರೂ ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ಬಿ.ಎ. ಆದವಳಿಗೆ ಹೇಳುವುದೇ? "ಗೊತ್ತು, ಗೊತ್ತು. ಬಿಸಿಲಿಗಿಟ್ಟರೆ ಆತು," ಎಂದೆ. ಮನೆ ಮುಟ್ಟುವಾಗ ಬಿಸಿಲು ಹೋಗಿತ್ತು.

ಗಾಜಿನ ಕಪಾಟು ಇರಲಿಲ್ಲ. ಹಪ್ಪಳ ಒಣಗಿಸುವ ಹಲಗೆಯ ಮೇಲೆ ನನ್ನ ಮದುವೆಯ ನೀಲಿ ರವಿಕೆಬಟ್ಟೆ ಹಾಸಿ, ಶಂಖಗಳನ್ನು ಜೋಡಿಸಿದೆ. ಪ್ರತಿಯೊಂದರ ಬೆನ್ನಿಗೂ ಅಂಟು ಹಚ್ಚಿ ಚೀಟಿ. ಉದಾಹರಣೆಗೆ: "ಸಂಖ್ಯೆ ೭. ಕಂದು ಶಂಖ. ಸಂಗ್ರಹಿಸಿದವರು: ಶ್ರೀಮತಿ ಸುಶೀಲಾ ನಾಯ್ಕ, ಬಿ.ಎ."

ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮವರು ಓದಿ, "ಪೋಸ್ಟ್ ಮಾಡೂದಾ ಇದನ್ನ?" ಎಂದು ಕೇಳಿದರು.

ಭಾನುವಾರ ಬೆಳಿಗ್ಗೆ ಎಣಿಸಿದರೆ ಹದಿನೆಂಟು! ಮೂರು ನಾಪತ್ತೆ. ಬಾಗಿಲಿಗೆ ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು. ಇತಿಹಾಸ ಓದಿದವಳಿಗೆ ಪಿತೂರಿ ಬೇಗ ಕಾಣುತ್ತದೆ. ನಮ್ಮ ಪ್ರದರ್ಶನ ಹಾಳಾದರೆ ಲಾಭ ಯಾರಿಗೆ? ವಾಲಿಬಾಲ್ ತಂಡಕ್ಕೆ! ಕೂಡಲೇ ತಂಡದ ನಾಯಕ ಗಣಪತಿಗೆ ಪತ್ರ ಬರೆದೆ: "ಸದರಿ ಮೂರು ಶಂಖಗಳನ್ನು ಸೂರ್ಯಾಸ್ತದೊಳಗೆ ಹಿಂದಿರುಗಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆ."

ಗಣಪತಿ ಪತ್ರ ಹಿಡಿದುಕೊಂಡೇ ಓಡಿ ಬಂದ. "ಅಕ್ಕೋರೆ, ಶಂಖ ತಕಂಡು ನಾವು ಎಂತ ಮಾಡೂದು? ಪಾಯಿಂಟ್ ಬಂದಾಗ ಊದೂದಾ?"

"ತನಿಖೆ ನಡೆಯಲಿದೆ," ಎಂದೆ.

ಸಂಜೆಗೆ ವಾಸನೆ ಶುರುವಾಯಿತು. ಮಾವನವರು ಜಗಲಿಯಿಂದಲೇ, "ಒಳಗೆ ಎಂತದೋ ಸತ್ತಿತ್ತು, ನೋಡಿ," ಎಂದರು. ನಮ್ಮವರು ಇಲಿ ಎಂದು ತೀರ್ಮಾನಿಸಿ, ಮಾಡು ಹತ್ತಿ ಹದಿನಾರು ಹಂಚು ತೆಗೆದರು. ಇಲಿ ಸಿಗಲಿಲ್ಲ. ನಾಲ್ಕು ಹಂಚು ಒಡೆದವು. ನಾನು ಹಲಗೆಯ ಮೇಲೆ ಇಡೀ ಬಾಟಲಿ ಪನ್ನೀರು ಸುರಿದೆ. ಆಗ ಮದುವೆ ಮಂಟಪದಲ್ಲಿ ಮೀನಿನ ಬುಟ್ಟಿ ಮಗುಚಿದಂತಾಯಿತು. ನಮ್ಮವರು ಮೂಗು ಹಿಡಿದುಕೊಂಡೇ, "ಇಂಗ್ಲೆಂಡಿನಲ್ಲೂ ಹೀಗೇ ಇತ್ತಾ?" ಎಂದರು.

ಸೋಮವಾರ ಮಧ್ಯಾಹ್ನ ಜೀಪು ಬಂತು. ಬಂದವರು ದಪ್ಪ ಕನ್ನಡಕದ, ದಣಿದ ಮುಖದ ಹಿರಿಯ ಹೆಂಗಸು. ಅಲ್ಲಿಯವರೆಗೆ ಬೇರೆ ಮಂಡಳಗಳಲ್ಲಿ ಅವರು ನೋಡಿದ ಗಿಳಿಗಳೆಲ್ಲ ಅವರ ಮುಖದಲ್ಲೇ ಕೂತಿದ್ದವು. ಜಗಲಿಯ ಕುರ್ಚಿಯಲ್ಲಿ ಕೂತರು. ಕರವಸ್ತ್ರ ಮೂಗಿಗೆ ಹೋಯಿತು. ಮತ್ತೆ ಕೆಳಗೆ ಬರಲಿಲ್ಲ. ಎದುರಿನ ಮೇಜಿನ ಮೇಲೆ ನನ್ನ ಹಲಗೆ, ಪಕ್ಕದಲ್ಲಿ ಅವರ ಚಹಾ. ಹನ್ನೆರಡು ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು. ಮಾವನವರು ತಮ್ಮ ಮೂಲೆಯಲ್ಲಿ.

"ಮಾನ್ಯರೇ," ಎಂದು ಆರಂಭಿಸಿದೆ. "ಬಿಡುವಿನ ವೇಳೆಯ ಸದುಪಯೋಗದ ವಿಷಯದಲ್ಲಿ ಪಾಶ್ಚಾತ್ಯ ಮಹಿಳೆಯರು..."

ಅಷ್ಟರಲ್ಲಿ ಸಂಖ್ಯೆ ಏಳಕ್ಕೆ ಕಾಲು ಬಂದವು.

ಮೊದಲು ಎರಡು. ಆಮೇಲೆ ಎಷ್ಟೋ. ಸದರಿ ಶಂಖವು ಎದ್ದು ನಿಂತು, ನನ್ನ ಹೆಸರನ್ನು ಬೆನ್ನ ಮೇಲೆ ಹೊತ್ತುಕೊಂಡು, ನೀಲಿ ಬಟ್ಟೆ ದಾಟಿ, ಚಹಾದ ಕಡೆ ಹೊರಟಿತು. ಅದರ ಹಿಂದೆ ಸಂಖ್ಯೆ ಹನ್ನೊಂದು! ನಾಪತ್ತೆಯಾಗಿದ್ದ ಸಂಖ್ಯೆ ಮೂರು ಮಾವನವರ ಚಾಪೆಯ ಅಡಿಯಿಂದ ಹೊರಬಂತು. ಅತಿಥಿಗಳು "ಅಯ್ಯಮ್ಮಾ!" ಎಂದು ಎರಡೂ ಕಾಲು ಕುರ್ಚಿಯ ಮೇಲೆ ಎಳೆದುಕೊಂಡರು. ಚಹಾ ಮಗುಚಿತು. ಮಾವನವರು ಕೆಮ್ಮಿದರು. ಈ ಸಲ ಯಾರೂ ಕೇಳಲಿಲ್ಲ.

"ಅಕ್ಕೋರೆ!" ದುರ್ಗಕ್ಕ ಕೂಗಿದಳು. "ನಿಮ್ಮ ಬಿ.ಎ. ಓಡ್ತಾ ಇತ್ತು, ಹಿಡೀರಿ!"

ಹನ್ನೆರಡು ಹೆಂಗಸರು ಒಟ್ಟಿಗೆ ನಕ್ಕರು. ಆ ಜಗಲಿ ಅಂಥ ನಗೆಯನ್ನು ಯಾವತ್ತೂ ಕೇಳಿರಲಿಲ್ಲ. ನನಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತ್ತು. ಕೋಣೆ ಹೋಯಿತು, ಇನ್ನು ಚೆಂಡಿಗೇ ಸೈ ಎಂದುಕೊಂಡೆ.

ದುರ್ಗಕ್ಕ ಸಂಖ್ಯೆ ಏಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಹೆದರ್ಬೇಡಿ ಅಮ್ಮ, ಇದು ಏಡಿ. ಇದ್ಕೆ ಸ್ವಂತ ಮನೆ ಇಲ್ಲ. ಖಾಲಿ ಶಂಖ ಸಿಕ್ಕಿದ್ರೆ ಹೊಕ್ಕಂಡು ಕೂತ್ಕಂತದೆ. ನಮ್ಮ ಹಾಂಗೇ, ಜಾಗ ಹುಡುಕ್ತಾ ಇತ್ತು."

ಅತಿಥಿಗಳ ಕರವಸ್ತ್ರ ಕೆಳಗೆ ಬಂತು. ಅವರೂ ನಗುತ್ತಿದ್ದರು. ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡೇ ಕೇಳಿದರು: "ನಿಮಗೆ ಜಾಗ ಕೊಟ್ಟರೆ ಏನು ಮಾಡುತ್ತೀರಿ?"

ಹೊಲಿಗೆ, ಸಾಕ್ಷರತೆ, ಶಿಶುಪಾಲನೆ ಎಂದು ಮೂರು ಪುಟ ಬರೆದಿಟ್ಟಿದ್ದೆ. ಬಾಯಿ ತೆರೆಯುವಷ್ಟರಲ್ಲಿ ದುರ್ಗಕ್ಕ ಹೇಳಿಬಿಟ್ಟಳು.

"ಎಂತದೂ ಇಲ್ಲ ಅಮ್ಮ. ಕೂತ್ಕಂಬುದು."

"ಬರೀ ಕೂರುವುದೇ?"

"ಗದ್ದೇಲೂ ಬಗ್ಗೂದು, ಒಲೆ ಮುಂದೂ ಬಗ್ಗೂದು. ಒಂದು ತಾಸು ಬೆನ್ನು ನೆಟ್ಟಗೆ ಮಾಡ್ಕಂಡು ಕೂತ್ಕಂಬೂಕೆ ಒಂದು ಜಾಗ. ಹಾಡು ನೆನಪಾದ್ರೆ ಹೇಳೂದು." ದನಿ ತಗ್ಗಿಸಿ, ಮೂಲೆಯ ಕಡೆ ಕಣ್ಣು ಹಾಯಿಸಿದಳು. "ಇಲ್ಲಿ ನಗೂಕೂ ಆಗೂದಿಲ್ಲ."

ಆ ತಾಯಿ ಕನ್ನಡಕ ತೆಗೆದು ಒರೆಸಿಕೊಂಡರು. "ಅಂಥ ಜಾಗ ನನಗೂ ಇಲ್ಲವಲ್ಲ," ಎಂದರು. ಆಮೇಲೆ ನನ್ನ ಮೂರು ಪುಟಗಳನ್ನು ಬದಿಗಿಟ್ಟು, ತಮ್ಮ ಕಾಗದದಲ್ಲಿ ನಾಲ್ಕು ಸಾಲು ಬರೆದರು.

ಹದಿನೈದು ದಿನದಲ್ಲಿ ಗೊಬ್ಬರದ ಕೋಣೆಯ ಕೀಲಿ ನಮ್ಮ ಕೈಗೆ ಬಂತು. ಸುಣ್ಣ ಹೊಡೆಯಲು ಗಣಪತಿಯ ತಂಡವೇ ಬಂದು ನಿಂತಿತು. ಬದಲಿಗೆ ಅವರ ಬಲೆಗೆ ಒಂದು ಮೊಳೆ ಬಿಟ್ಟುಕೊಟ್ಟೆವು. ಗಣಪತಿ ನನ್ನ ಪತ್ರವನ್ನು ಮಡಿಚಿ ತಂದು ವಿನಯದಿಂದ ಕೈಗಿತ್ತ. "ಪತ್ರ ಚಲೋ ಉಂಟು ಅಕ್ಕೋರೆ. ವಿಳಾಸ ಮಾತ್ರ ಏಡಿದು ಹಾಕ್ಬೇಕಿತ್ತು."

ಹೊಸ ಕೋಣೆಯಲ್ಲಿ ಮೊದಲ ಸಭೆ. ಮೊದಲ ಠರಾವು ಮಂಡಿಸಿದವಳು ದುರ್ಗಕ್ಕ. ನಡಾವಳಿ ಪುಸ್ತಕದಲ್ಲಿ ಅದನ್ನು ಬರೆಯಬೇಕಾದವಳು ನಾನು. ದುಂಡಗಿನ ಅಕ್ಷರದಲ್ಲಿ ಬರೆದೆ: "ಕಾರ್ಯದರ್ಶಿಯವರು ಇನ್ನು ಮುಂದೆ ಕಡಲಿನಿಂದಾಗಲಿ, ಪುಸ್ತಕದಿಂದಾಗಲಿ ಏನನ್ನೇ ತಂದರೂ, ಒಳಗೆ ಜೀವ ಉಂಟೋ ಇಲ್ಲವೋ ಎಂದು ಮೊದಲು ದುರ್ಗಕ್ಕನವರಿಗೆ ತೋರಿಸಿ ಅಪ್ಪಣೆ ಪಡೆಯತಕ್ಕದ್ದು. ಪರ: ಹನ್ನೆರಡು. ವಿರೋಧ: ಒಂದು."

ಆ ಒಂದು ನನ್ನದು. ಕಾರ್ಯದರ್ಶಿಗೆ ಮತ ಇಲ್ಲವೆಂದು ಹೇಳಿ ಅದನ್ನೂ ನನ್ನ ಕೈಯಲ್ಲೇ ಹೊಡೆದುಹಾಕಿಸಿದರು!