ಕಾಕಾನ ದಪ್ಪ ಆನೆಗಳು

ನಮ್ಮ ಕಾಕಾನಷ್ಟು ಸಂತೋಷದ ಮನುಷ್ಯ ಇಡೀ ಬೆಳಗಾವಿಯಲ್ಲಿ ಇರಲಿಲ್ಲ. ಅವರಷ್ಟು ದುಃಖದ ಮನುಷ್ಯನೂ ಇರಲಿಲ್ಲ. ಎರಡನ್ನೂ ಒಬ್ಬರೇ ಇಟ್ಟುಕೊಂಡು ಕೂತರೆ ಉಳಿದವರು ಏನು ಮಾಡಬೇಕು ಹೇಳಿ!

ವಡಗಾವಿಯ ಓಣಿಯಲ್ಲಿ ಅವರದೊಂದು ಕೈಮಗ್ಗ. ಅದರ ಸಪ್ಪಳ ಜೋರಾಯಿತೆಂದರೆ ಅವರ ಹೆಂಡತಿ, ನಮ್ಮ ಕಾಕೂ, ಹಿಟ್ಟಿನ ಡಬ್ಬಿ ತೆಗೆದು ನೋಡುತ್ತಿದ್ದರು, ಇವತ್ತು ಯಾರನ್ನು ಊಟಕ್ಕೆ ಕರೆತರುತ್ತಾರೋ ಎಂದು. ಒಮ್ಮೆ ಖಾನಾಪುರದಿಂದ ಬರುವಾಗ ಕಾಕಾ ಬಸ್ಸಿಗೆ ಬಸ್ಸನ್ನೇ ಕರೆದುಬಿಟ್ಟರು. ಅರ್ಧ ಬಸ್ಸು ಬಂದೂ ಬಂತು! ರೊಟ್ಟಿ ಬಡಿದು ಸೋತ ಕಾಕೂ ಬಾಗಿಲಲ್ಲಿ ನಿಂತವನನ್ನು ಕೇಳಿದರು, "ನೀವ್ಯಾರ್ರಿ?"

"ಕಂಡಕ್ಟರ್ ರೀ. ಡ್ರೈವರ್ ಕೈ ತೊಳ್ಯಾಕತ್ತಾರ."

ಹಲಸಿಯ ಗುಡಿಗೆ ಹೋದಾಗ ಕಲ್ಲಿನ ಆನೆ ನೋಡಿ ಕಾಕಾ ಪೂಜಾರಿಗೆ, "ಬಾಳ ಬಡಕಲಾಗೇತ್ರಿ. ನಾ ದಪ್ಪ ಮಾಡತೇನಿ," ಎಂದರು. ಮಾಡಿಯೂ ಬಿಟ್ಟರು, ನನ್ನ ಮದುವೆಯ ಸೀರೆಯಲ್ಲಿ! ಸೆರಗಿನ ತುಂಬ ಡೊಳ್ಳುಹೊಟ್ಟೆಯ ಆನೆಗಳು, ಅಂಚು ದಾಟಿ ಹೊರಟಿದ್ದವು.

ಸೆರಗು ಮುಗಿಯಿತು, ಒಡಲು ಸುರುವಾಗುವ ಮೊದಲೇ ಮಗ್ಗ ನಿಂತಿತು. ಕಾಕಾ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಊಟವಿಲ್ಲ, ಮಾತಿಲ್ಲ. ಮದುವೆ ಹತ್ತಿರ ಬರುತ್ತಿತ್ತು. ಯಾರೋ ಕಣಕುಂಬಿಯ ದೇವಿಯ ಗುಡಿಯಿಂದ ಅಂಗಾರ ತಂದು ಹಣೆಗೆ ಹಚ್ಚಿದರು. ದೊಡ್ಡಪ್ಪ ಬಂದು, "ಧೈರ್ಯ ತಗೊಂಡ ಏಳೋ," ಎಂದು ಗದರಿದರು.

"ಭಾವಾರ, ನಿಮ್ಮ ಸಕ್ಕರಿ ಬ್ಯಾನಿಗೆ ಧೈರ್ಯ ಸಾಕಾಗತೈತೇನ್ರಿ? ಗುಳಿಗಿ ಯಾಕ ನುಂಗತೀರಿ?" ಎಂದರು ಕಾಕೂ. ದೊಡ್ಡಪ್ಪ ಚಹಾ ಕುಡಿಯದೇ ಎದ್ದುಹೋದರು.

ಕಾಕೂ ಹಟ ಹಿಡಿದು ದವಾಖಾನೆಗೆ ಕರೆದೊಯ್ದರು. ಆ ಏರು, ಈ ಇಳಿತ, ಎರಡೂ ಒಂದೇ ಬೇನೆ ಎಂದರು ಡಾಕ್ಟರು. ನಾವು ದಂಗಾದೆವು. ಹಾಗಾದರೆ ಆ ಬಸ್ಸಿನ ಊಟವೂ ಬೇನೆಯೇ? ನಾವು ಬಡಿಸಿ ಬಡಿಸಿ ನಕ್ಕಿದ್ದೆವಲ್ಲ!

ಕಾಕಾ ಬಹಳ ದಿನಗಳ ಮೇಲೆ ಬಾಯಿಬಿಟ್ಟರು. "ಗುಳಿಗಿ ತಗೊಂಡ್ರ ನನ್ನ ಆನಿ ಹೋಗತಾವೇನ್ರಿ?"

"ಆನಿ ಇರತಾವ. ನಿಮ್ಮನ್ನ ತುಳಿಯೂದಿಲ್ಲ, ಅಷ್ಟ," ಎಂದರು ಡಾಕ್ಟರು.

ಬಾಜು ಮನೆಯವರು ಸೀರೆ ಮುಗಿಸಿಕೊಡಲು ಬಂದರು. ಕಾಕೂ ಮಗ್ಗಕ್ಕೆ ಚಾದರ ಹೊದಿಸಿ, "ಸುರು ಮಾಡಿದವರ ಮುಗಸಲಿ," ಎಂದು ಕಳಿಸಿದರು. ನಾನೂ ಅದೇ ಸೀರೆ ಬೇಕೆಂದು ಕೂತೆ. ನಮಗೆ ಬೇಕಾಗಿದ್ದದ್ದು ಸೀರೆಯಲ್ಲ, ಕಾಕಾ. ಗುಳಿಗೆ ಸುರುವಾದ ಮೇಲೆ ಒಂದು ಬೆಳಿಗ್ಗೆ ಕಾಕಾ ತಾವೇ ಚಾದರ ಸರಿಸಿದರು. ಮೊದಲ ದಿನ ಬೆರಳಗಲ ನೇಯ್ದರು, ಸಾಕೆಂದು ಎದ್ದರು. ಆಮೇಲೆ ದಿನಾ ಗೇಣು, ಮುಂದೆ ಮೊಳ, ಅದಕ್ಕಿಂತ ಹೆಚ್ಚಿಲ್ಲ. ಆನೆಯಿಲ್ಲ, ಅಬ್ಬರವಿಲ್ಲ, ಸಾದಾ ಸಮನಾದ ನೇಯ್ಗೆ.

ಖಾನಾಪುರದಲ್ಲಿ ಮದುವೆ. ಬೀಗರ ಕಡೆಯ ಹೆಂಗಸೊಬ್ಬರು ಸೀರೆ ಮುಟ್ಟಿ ನಕ್ಕರು. "ಸೆರಗ ಒಬ್ಬರು, ಒಡಲ ಒಬ್ಬರು ನೇದಾರೇನವಾ?"

ನಾನು ತಲೆ ತಗ್ಗಿಸಿದೆ. ಬೇನೆಯ ಮಾತು ಮನೆಯ ಹೊಸ್ತಿಲು ದಾಟಿರಲಿಲ್ಲ. ಅಷ್ಟರಲ್ಲಿ ಕಾಕಾ ತಾವೇ ಬಂದು ಸೆರಗು ಮುಗಿಯುವ ಜಾಗದಲ್ಲಿ ಬೆರಳಿಟ್ಟರು.

"ಎರಡೂ ನಾನ ರೀ. ಇಲ್ಲಿ ಮನಸಿಗೆ ಬ್ಯಾನಿ ಆಗಿತ್ತು, ಮಲಗಿದ್ನಿ. ಇಲ್ಲಿಂದ ಎದ್ದೇನಿ."

ಕಾಕಾ ಮಲಗಿದ್ದಷ್ಟು ದಿನವೂ ಅಳದಿದ್ದ ಕಾಕೂ ಆಗ ಅತ್ತರು. ಕಣ್ಣೊರೆಸಿಕೊಳ್ಳಲು ತಮ್ಮ ಸೆರಗು ಬಿಟ್ಟು ನನ್ನದನ್ನೇ ಎಳೆದುಕೊಂಡರು, ಆ ದಪ್ಪ ಆನೆಗಳನ್ನು.