ಬಸ್ಸು ತಿರುಗುವಷ್ಟು ಜಾಗ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಜಗತ್ತಿನ ಮನೆಗಳನ್ನೆಲ್ಲ ಎರಡೇ ಪಂಗಡ ಮಾಡಿಟ್ಟಿದ್ದಾನೆ. ಬಸ್ಸಿಳಿದು ಕೊಡೆ ಬಿಚ್ಚುವಷ್ಟರಲ್ಲಿ ತಲುಪಿಬಿಡುವ ಮನೆಗಳು ಒಂದು, ಉಳಿದದ್ದೆಲ್ಲ ಕಾಡು! ಸಿದ್ದಾಪುರದಲ್ಲಿ ಮನೆ ಕಟ್ಟಿಸಿದವರೊಬ್ಬರು ಗೃಹಪ್ರವೇಶಕ್ಕೆ ಕರೆಯಲು ಬಂದಾಗ ಇವನು ಮುಹೂರ್ತ ಕೇಳುವ ಬದಲು ಬಸ್‌ಸ್ಟಾಪಿನಿಂದ ಎಷ್ಟು ಹೆಜ್ಜೆ ಎಂದು ಕೇಳಿದನಂತೆ. ಅವರು ಕಾರು ಕಳಿಸುತ್ತೇವೆ ಎಂದರು. "ದಿನಾ ಕಳಿಸ್ತ್ರಾ?" ಎಂದನಂತೆ ಭಾವ. ಈ ಮಾತನ್ನು ನಾನೇ ಎದುರಿಗೆ ಕೂತು ಕೇಳಿದೆನೋ, ಅಕ್ಕ ಹೇಳಿದ್ದನ್ನು ಕೇಳಿ ಕೇಳಿ ನನ್ನದಾಗಿಸಿಕೊಂಡೆನೋ, ಈಗ ಪ್ರಮಾಣ ಮಾಡಲಾರೆ. ನನ್ನ ದಿನಚರಿಯಲ್ಲಂತೂ ಇಲ್ಲ. ಆದರೆ ಭಾವನನ್ನು ಬಲ್ಲವರು ಯಾರೂ ಇದನ್ನು ಅನುಮಾನಿಸಿಲ್ಲ.

ಇಂಥವನು ಶಿರಸಿಯ ಅಂಚಿನ ಇಸಳೂರಿನಲ್ಲಿ ನಿವೇಶನ ಕೊಂಡದ್ದು ಹೇಗೆ? ಉಳಿದವರು ನೀರು, ದಿಕ್ಕು ವಿಚಾರಿಸುತ್ತಿದ್ದರೆ ಇವನು ಮಾರುವವರು ಹರಡಿದ್ದ ಬಣ್ಣದ ನಕ್ಷೆಯನ್ನೇ ದಿಟ್ಟಿಸುತ್ತಿದ್ದ. ಅದರ ಕೊನೆಯ ತಿರುವಿನಲ್ಲಿ ಪುಟ್ಟದೊಂದು ಕೆಂಪು ಬಸ್ಸಿನ ಚಿತ್ರವಿತ್ತು. ಭಾವ ಆ ಬಸ್ಸಿನ ಪಕ್ಕದ ನಿವೇಶನವನ್ನೇ ಕೊಂಡ! ಮನೆ ಎದ್ದಿತು, ಬಣ್ಣವಾಯಿತು, ಬಸ್ಸು ಮಾತ್ರ ಕಾಗದದಿಂದ ಕೆಳಗಿಳಿಯಲಿಲ್ಲ. ಇಂದಿಗೂ ದೊಡ್ಡ ರಸ್ತೆಯಲ್ಲಿ ಇಳಿದು ಅರ್ಧ ಮೈಲಿ ಏರು ಹತ್ತಬೇಕು ಎಂದು ಬರೆಯಬೇಕೆಂದಿದ್ದೆ. ಇಲ್ಲ, ಇಂದಿಗಲ್ಲ. ಅದೇ ಈ ಕಥೆ.

ಅಂದಿನಿಂದ ಭಾವ ನಗರ ಯೋಜಕನಾದ. ಯಲ್ಲಾಪುರದಿಂದ ನಾನು ಹೋದಾಗಲೆಲ್ಲ ಚಹಾದ ಜೊತೆ ಪಾಠ. ಲೋಟವೇ ಬಸ್‌ಸ್ಟಾಪು. ಅದರ ಸುತ್ತ ಬಿಸ್ಕತ್ತುಗಳು: ಹಿಟ್ಟಿನ ಗಿರಣಿ, ಅಂಗನವಾಡಿ, ಹಾಲಿನ ಡೈರಿ. ಆಮೇಲೆ ಮನೆಗಳು. ಕಾರಿದ್ದವರೆಲ್ಲ ತಟ್ಟೆಯ ಅಂಚಿಗೆ! ಊರು ಕಟ್ಟಿ ಆದಮೇಲೆ ಬಸ್ಸು ಹುಡುಕುವುದಲ್ಲ, ಬಸ್ಸು ನಿಲ್ಲಿಸಿ ಅದರ ಸುತ್ತ ಊರು ಕಟ್ಟಬೇಕು ಎಂದು ಅವನು ಬಣ್ಣಿಸುತ್ತಿದ್ದಾಗ ನಾನು ಮೈಮರೆತು ಅಂಗನವಾಡಿಯನ್ನು ಬಸ್‌ಸ್ಟಾಪಿನಲ್ಲಿ ಅದ್ದಿ ತಿಂದುಬಿಟ್ಟೆ. ಭಾವ ನಿಟ್ಟುಸಿರು ಬಿಟ್ಟು ಗಿರಣಿಯನ್ನು ಆ ಜಾಗಕ್ಕೆ ಸರಿಸಿದ.

ಎರಡು ಮಳೆಗಾಲದ ಹಿಂದೆ ಅಕ್ಕ ಅದೇ ಏರಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಮೂಳೆ ಕೂಡಿತು, ಆದರೆ ಏರು ಹತ್ತುವುದು, ಬೈಕಿನ ಹಿಂದೆ ಕೂರುವುದು ನಿಂತಿತು. ಆಟೋ ಕರೆದರೆ ಭಾವನೂ ಜೊತೆಗೆ ಹತ್ತಿ ಕೂರುತ್ತಿದ್ದ. ಪೇಟೆಯ ಗುರುವಾರದ ಭಜನೆ ಅವಳದೇ ಗೆಳತಿಯರ ಲೋಕ. ಅಲ್ಲಿಗೂ ಕಾವಲುಗಾರನೇ? ತನಗೀಗ ಭಜನೆಯಲ್ಲಿ ಆಸಕ್ತಿ ಇಲ್ಲವೆಂದುಬಿಟ್ಟಳು. ನಾವೆಲ್ಲ ನಂಬಿದೆವು.

ಭಾವ ಬಸ್ ಡಿಪೋಗೆ ಎಷ್ಟು ಸಲ ಹೋದನೋ! ಕೊನೆಗೆ ಅವರು, ಬಸ್ಸು ತಿರುಗಿಸಲು ಜಾಗ ತೋರಿಸಿ, ಒಳಗೆ ಕಳಿಸುತ್ತೇವೆ ಎಂದರು. ಬಡಾವಣೆಯವರ ಸಭೆ ಸೇರಿತು. ಬಸ್ಸು ಎಲ್ಲರಿಗೂ ಬೇಕು, ತಮ್ಮ ಗೇಟಿನೆದುರು ಮಾತ್ರ ಬೇಡ. ಆದರೆ ನಮ್ಮ ಕಡೆಯವರು ಬೇಡ ಎಂದು ಬಾಯಿಬಿಟ್ಟು ಹೇಳುತ್ತಾರೆಯೇ? ಪಂಕ್ತಿಯಲ್ಲಿ ಮೊದಲ ಎಲೆ ಬಿಟ್ಟುಕೊಡುವಂತೆ ಒಬ್ಬರಿಗೊಬ್ಬರು ಬಸ್‌ಸ್ಟಾಪು ಬಿಟ್ಟುಕೊಡತೊಡಗಿದರು. ಹಾವೇರಿ ಕಡೆಯಿಂದ ಬಂದು ನೆಲೆಸಿದ ಮೇಷ್ಟ್ರೊಬ್ಬರು ಪಕ್ಕದ ಮನೆಯವರನ್ನು ತೋರಿಸಿ, "ಇವರ ಮನೀ ಮುಂದ ನೆರಳ ಚಲೋ ಐತಿ, ಅಲ್ಲೇ ನಿಲ್ಲಸ್ರಿ" ಎಂದರು. ಆ ಪಕ್ಕದವರು ಮರುದಿನವೇ ಮರ ಕಡಿಸಿದರು!

ಉಳಿದದ್ದು ಭಾವನ ತಿರುವು. ಅವನ ಕಂಪೌಂಡು ಎರಡು ಮಾರು ಹಿಂದೆ ಸರಿದರೆ ಬಸ್ಸು ತಿರುಗುತ್ತಿತ್ತು. ಆದರೆ ಆ ಎರಡು ಮಾರಿನಲ್ಲಿ ಅಕ್ಕನ ಡೇರೆ ಹೂವಿನ ಪಾತಿ ಇತ್ತು. ಹೊರಗೆ ಹೋಗುವುದು ಬಿಟ್ಟ ಮೇಲೆ ಅವಳು ದಿನವಿಡೀ ಕೂರುತ್ತಿದ್ದದ್ದು ಅಲ್ಲೇ. ಡಿಪೋದಲ್ಲಿ ಗಂಟೆಗಟ್ಟಲೆ ವಾದಿಸಿದವನು ಎಂಟು ದಿನ ಅವಳೆದುರು ಈ ಮಾತೆತ್ತಲಿಲ್ಲ. ಸಭೆಯ ಸುದ್ದಿ ಅವಳ ಕಿವಿಗೆ ಹೇಗೋ ಬಿದ್ದಿರಬೇಕು, ಒಂಬತ್ತನೆಯ ದಿನ ಬೆಳಿಗ್ಗೆ ನೋಡಿದರೆ ಅಕ್ಕನೇ ಡೇರೆಯ ಗೆಡ್ಡೆ ಅಗೆಯುತ್ತಿದ್ದಾಳೆ.

"ಡೇರೆ ಎಲ್ಲಿ ನೆಟ್ರೂ ಬತ್ತು," ಎಂದಳಂತೆ, ತಲೆ ಎತ್ತದೆ. "ನಿಂಗಳ ಬಸ್ಸು ಹಂಗಲ್ಲ."

ಮೊದಲ ಬಸ್ಸು ಬಂದದ್ದು ಗುರುವಾರವೇ ಎಂದು ನನ್ನ ನೆನಪು. ನೆನಪು ಇಂಥ ಕಡೆ ತನ್ನಷ್ಟಕ್ಕೆ ವಾರ ಹೊಂದಿಸಿಬಿಡುತ್ತದೆ. ಅದಕ್ಕೇ ದಿನಚರಿ ತೆಗೆದು ನೋಡಿದೆ. ಗುರುವಾರವೇ. ಬಡಾವಣೆಯವರೆಲ್ಲ, ಜೊತೆಗೆ ನಾನೂ, ಬಸ್ಸಿನ ಸುತ್ತ ನಿಂತಿದ್ದೆವು. ಡ್ರೈವರು ಹಿಂದೆ ಮುಂದೆ ಮಾಡಿ ತಿರುಗಿಸಿದ. ಆಗ ಅಕ್ಕ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಹೊರಗೆ ಬಂದಳು. "ಎಲ್ಲಿ ತನಕ ಹೋಗ್ತು ನೋಡ್ಕಂಡು ಬತ್ತೆ," ಎಂದು ಕಂಬಿ ಹಿಡಿದು ನಿಧಾನಕ್ಕೆ ಹತ್ತಿ, ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಟಿತು. ಭಾವ ಕೆಳಗೇ ನಿಂತಿದ್ದ.

"ಭಾವಾ, ನೀ ಹತ್ತಿದ್ದಿಲ್ಯ?" ಎಂದೆ.

"ಇಲ್ಲೆ ತಮಾ. ಅವ್ಳು ಒಬ್ಳೇ ಹೋಗ್ಲಿ ಹೇಳೇ ಇಷ್ಟೆಲ್ಲ ಮಾಡಿದ್ದು."

ಬಸ್ಸು ಮರಳಿ ಬರಲು ಇನ್ನೂ ಎರಡು ತಾಸಿತ್ತು. ಭಾವ ಒಳಗೆ ಹೋಗಲಿಲ್ಲ.